ಹೂಜಿಯ ನೀರು ತಣ್ಣಗಾಗದ ಊರಿನ ಸೆಕೆ

ಕಾಕಾ, ನಮಸ್ಕಾರ. ಮೇ ತಿಂಗಳ ನಮ್ಮ ಗೃಹಪ್ರವೇಶಕ್ಕೆ ಅಜ್ಜಿಯನ್ನು ಮಂಗಳೂರಿಗೆ ಕರೆತರುವುದು ಬೇಡವೆಂದು ನಾನು ಬರೆದದ್ದಕ್ಕೆ, "ಕಲಬುರಗಿಯ 42 ಡಿಗ್ರಿ ಕಂಡವರಿಗೆ ನಿಮ್ಮ 34 ಯಾವ ಲೆಕ್ಕ?" ಎಂದು ತಾವು ಗುಂಪಿನಲ್ಲಿ ಕೇಳಿದ್ದೀರಿ. ಉತ್ತರ ಉದ್ದವಿದೆ, ದಯವಿಟ್ಟು ಸಾವಧಾನದಿಂದ ಕೇಳಬೇಕು.

ನಮ್ಮ ಪಡಸಾಲೆಯ ಮೂಲೆಯಲ್ಲಿ ಒದ್ದೆ ಮರಳಿನ ಮೇಲೆ ಕೂರಿಸುತ್ತಿದ್ದ ಮಣ್ಣಿನ ಹೂಜಿ ತಮಗೆ ನೆನಪಿರಬೇಕು. ಹೊರಗೆ ಎಂಥ ಝಳವಿದ್ದರೂ ಅದರ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತಿತ್ತು. ಮದುವೆಯಾದ ವರ್ಷ ಅಂಥದ್ದೇ ಒಂದನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಇಲ್ಲಿಗೆ ತಂದಿದ್ದೆ. ಇಲ್ಲಿ ಅದರ ಮೈಯೆಲ್ಲ ಒದ್ದೆಯಾಗಿ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿತೇ ಹೊರತು ಒಳಗಿನ ನೀರು ತಣಿಯಲೇ ಇಲ್ಲ. ಅತ್ತೆಯವರ ಮುಂದೆ ನಾನು ಕುಂಬಾರನನ್ನು ಬೈದದ್ದೂ ಉಂಟು. ಪಾಪ, ಅವನ ತಪ್ಪೇನೂ ಇರಲಿಲ್ಲ.

ಹೂಜಿಯಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನೂ ಎತ್ತಿಕೊಂಡು ಹೋಗುತ್ತದೆ; ನಮ್ಮ ಬೆವರಿನ ಕೆಲಸವೂ ಅದೇ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ಆರದೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ, ಮೈಯಲ್ಲಿನ ನೀರು, ಉಪ್ಪು ಎರಡೂ ಖರ್ಚಾಗುತ್ತವೆ, ಮೈ ಮಾತ್ರ ತಂಪಾಗುವುದಿಲ್ಲ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಅಳೆದರೆ, ಶೇ. 20 ತೇವಾಂಶವಿರುವ ಕಲಬುರಗಿಯ 42 ಡಿಗ್ರಿಯಲ್ಲಿ ಅದು ಸುಮಾರು 24 ತೋರಿಸುತ್ತದೆ, ಶೇ. 75 ತೇವಾಂಶವಿರುವ ಇಲ್ಲಿನ 34ರಲ್ಲಿ ಸುಮಾರು 30 ತೋರಿಸುತ್ತದೆ. ಈ ಅಳತೆ 35 ಮುಟ್ಟಿದರೆ ನೆರಳಲ್ಲಿ ಸುಮ್ಮನೆ ಕುಳಿತವರ ದೇಹವೂ ಶಾಖವನ್ನು ಹೊರಹಾಕಲಾರದೆಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಆಮೇಲೆ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಜನರನ್ನೇ ಪರೀಕ್ಷಿಸಿದಾಗ, ತೇವದ ಗಾಳಿಯಲ್ಲಿ 31ರ ಆಸುಪಾಸಿಗೇ ಅವರ ಮೈಯ ಒಳಶಾಖ ಹತೋಟಿ ತಪ್ಪಿ ಏರತೊಡಗಿತ್ತು. ನಮ್ಮ ಅಜ್ಜಿಗೆ 78 ವರ್ಷ, ಕಾಕಾ.

ಕಲಬುರಗಿಯ ಬಿಸಿಲು ನಿರಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಕೂಲರ್ ಹಾಕಿದರೆ ಕೋಣೆ ತಂಪಾಗುತ್ತದೆ, ಇಲ್ಲಿ ಅದೇ ಕೂಲರ್ ಕೋಣೆಗೆ ಇನ್ನಷ್ಟು ತೇವ ತುಂಬುತ್ತದೆ. ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಭೂಮಿ ಕಾದಂತೆ ಇದು ಹೆಚ್ಚುವುದೇ ಸರಿ, ಏಕೆಂದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು, ಪಕ್ಕದ ಅರಬ್ಬೀ ಸಮುದ್ರವೂ ಬಿಸಿಯಾಗುತ್ತಿದೆ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನ ಮೈದಾನದಲ್ಲಿ ನಡೆದ ಸಮಾರಂಭಕ್ಕೆ ಬಂದವರಲ್ಲಿ ಹತ್ತಕ್ಕೂ ಹೆಚ್ಚು ಜನ ಬಿಸಿಲಾಘಾತದಿಂದ ತೀರಿಕೊಂಡಾಗ ಅಲ್ಲಿದ್ದದ್ದು 38ರ ಆಸುಪಾಸಿನ ತಾಪಮಾನ. ಅದೂ ಕರಾವಳಿಯೇ.

ಅಜ್ಜಿಗೆ ಬಿಪಿಗೆಂದು ಕೊಡುವ ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವಂಥದ್ದು. ಅದನ್ನು ನಾವಾಗಿ ನಿಲ್ಲಿಸಬಾರದು. ಬೇಸಿಗೆಗೆ ಪ್ರಮಾಣ ಬದಲಿಸಬೇಕೇ ಎಂದು ಡಾಕ್ಟರನ್ನು ಕೇಳಿರಿ. ಅಲ್ಲಿಯೇ ಆಗಲಿ, ಅವರು ತೊದಲಿದರೆ ಅಥವಾ ಇದ್ದಕ್ಕಿದ್ದಂತೆ ಮಂಕಾದರೆ, ಬೆವರು ಬರುತ್ತಿದೆಯಲ್ಲ ಎಂದು ಸಮಾಧಾನಪಡದೆ, ಮೈಗೆ ತಣ್ಣೀರು ಹಾಕುತ್ತಲೇ 108ಕ್ಕೆ ಕರೆ ಮಾಡಬೇಕು.

ಗೃಹಪ್ರವೇಶದ ಪೂಜೆಯನ್ನು ನಸುಕಿನಲ್ಲೇ ಮುಗಿಸುತ್ತೇವೆ. ಅಡುಗೆಯವರಿಗೂ ಒಲೆಯ ಮುಂದೆ ಪಾಳಿ ಮಾಡಿದ್ದೇವೆ. ಅಜ್ಜಿ ವಿಡಿಯೋ ಕಾಲಿನಲ್ಲಿ ಆಶೀರ್ವದಿಸಲಿ. ಡಿಸೆಂಬರಿನಲ್ಲಿ ನಾನೇ ಬಂದು ಅವರನ್ನು ಕರೆದುಕೊಂಡು ಬರುತ್ತೇನೆ. ತಾವೂ ಕಾಕೂ ಮಾತ್ರ ಮೇ ತಿಂಗಳಲ್ಲಿ ತಪ್ಪದೆ ಬರಬೇಕು, ಆದರೆ ಕೋಟು ತರಬೇಡಿ.