ಸ್ಪ್ಯಾನಿಷಿನ ಸೇರ್, ಎಸ್ತಾರ್. ನಮ್ಮ ಅಲ್ಲ, ಇಲ್ಲ

ಎಲ್ಲರಿಗೂ ನಮಸ್ಕಾರ.

ಸ್ಪ್ಯಾನಿಷ್ ಬಲ್ಲವರೂ ಕನ್ನಡ ವ್ಯಾಕರಣ ಬಲ್ಲವರೂ ಇಬ್ಬರೂ ಇಲ್ಲಿದ್ದೀರಿ ಅಂತ ಈ ಪ್ರಶ್ನೆ. ಇಂಗ್ಲಿಷಿನವರು ಒಂದೇ ‘ಇಸ್’ ಹಾಕಿ ಮುಗಿಸುವ ಕಡೆ ಸ್ಪ್ಯಾನಿಷಿನಲ್ಲಿ ಎರಡು ಕ್ರಿಯಾಪದಗಳಿವೆ: ಸೇರ್ ಮತ್ತು ಎಸ್ತಾರ್. ಅವನು, ಅವಳು, ಅದು ಎಂಬುದಕ್ಕೆ ಬರುವ ರೂಪಗಳು ಎಸ್, ಎಸ್ತಾ. ಯಾವಾಗ ಯಾವುದು ಅನ್ನುವುದನ್ನು ನಮ್ಮ ‘ಅಲ್ಲ’, ‘ಇಲ್ಲ’ಗಳಿಂದಲೇ ಹೇಳಿಕೊಡಬಹುದೇ?

ಶಿವಮೊಗ್ಗದಲ್ಲಿ ಸ್ಪ್ಯಾನಿಷ್ ಹೇಳಿಕೊಡುವವರು ನಮಗೆ ಸಿಗಲಿಲ್ಲ. ಮಗಳೂ ನಾನೂ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಓದುತ್ತಿದ್ದೇವೆ. ಪುಸ್ತಕದ ಸೂತ್ರ ಇಷ್ಟೇ: ಶಾಶ್ವತವಾದದ್ದಕ್ಕೆ ಸೇರ್, ತಾತ್ಕಾಲಿಕವಾದದ್ದಕ್ಕೆ ಎಸ್ತಾರ್. ಎರಡು ಪುಟ ದಾಟುವಷ್ಟರಲ್ಲಿ ‘ಎಸ್ತಾ ಮುಎರ್ತೊ’ ಬಂತು. ತೀರಿಕೊಂಡಿದ್ದಾನೆ ಅಂತ ಅರ್ಥ. “ಸಾಯೋದು ತಾತ್ಕಾಲಿಕನಾ ಅಮ್ಮ?” ಅಂತ ಮಗಳು ಕೇಳಿದಳು. ನ್ಯಾಯವಾದ ಪ್ರಶ್ನೆ. ಜೋಗ ಎಲ್ಲಿದೆ ಅನ್ನಲಿಕ್ಕೂ ಎಸ್ತಾ ಅನ್ನಬೇಕು. ಜೋಗ ಸಾಗರ ತಾಲ್ಲೂಕು ಬಿಟ್ಟು ಎಲ್ಲಿಗೆ ಹೋಗುತ್ತೆ?

ಶಾಶ್ವತ, ತಾತ್ಕಾಲಿಕ ಎಂಬ ಈ ವಿಂಗಡಣೆ ಒಂದೇ ‘ಇಸ್’ ಇರುವವರಿಗೆ ಊರುಗೋಲಾಗಿ ಮಾಡಿಕೊಟ್ಟದ್ದು ಅನ್ನಿಸುತ್ತದೆ. ನಮಗೆ ಅದು ಬೇಡ. ‘ಅವನು ಮೇಷ್ಟ್ರು’ ಅನ್ನುವಾಗ ನಾವು ಕ್ರಿಯಾಪದವನ್ನೇ ಹಾಕುವುದಿಲ್ಲ. ‘ಅವನು ಮನೇಲಿದ್ದಾನೆ’ ಅನ್ನುವಾಗ ‘ಇರು’ ಬಂದೇ ಬರುತ್ತದೆ. ಅಲ್ಲಗಳೆದು ನೋಡಿದರೆ ಗೆರೆ ಇನ್ನೂ ಸ್ಪಷ್ಟ: ಅವನು ಮೇಷ್ಟ್ರಲ್ಲ, ಅವನು ಮನೇಲಿಲ್ಲ. ಮೊದಲನೆಯದು ‘ನೋ ಎಸ್’, ಎರಡನೆಯದು ‘ನೋ ಎಸ್ತಾ’. ಕನ್ನಡ ಮಾತಾಡುವ ಮಗು ಕೂಡ ಇವೆರಡನ್ನು ಅದಲುಬದಲು ಮಾಡುವುದಿಲ್ಲ.

ಕೈಗೆ ಸಿಕ್ಕ ವಾಕ್ಯಗಳನ್ನೆಲ್ಲ ಹೀಗೆ ಅಲ್ಲಗಳೆದು ನೋಡಿದೆವು. ಇವತ್ತು ಸೋಮವಾರ ಅಲ್ಲ, ಈ ಬಾಗಿಲು ಮರದ್ದಲ್ಲ, ಇದು ನನ್ನದಲ್ಲ, ಅವನು ಸಾಗರದವನಲ್ಲ: ಎಲ್ಲಕ್ಕೂ ಸೇರ್. ಸಾರು ಬಿಸಿ ಇಲ್ಲ, ಬಾಗಿಲು ತೆರೆದಿಲ್ಲ, ಮಳೆ ಬರ್ತಾ ಇಲ್ಲ: ಎಲ್ಲಕ್ಕೂ ಎಸ್ತಾರ್. ಕೊನೆಯ ಎರಡನ್ನು ತುಸು ನಿಂತು ನೋಡಿ. ‘ತೆರೆದಿದೆ’ ಅನ್ನುವುದು ತೆರೆದು, ಇದೆ. ಅವರದು ‘ಎಸ್ತಾ ಅಬಿಯೆರ್ತಾ’. ‘ಬರ್ತಾ ಇದೆ’ ಅನ್ನುವ ಕಡೆ ಅವರು ‘ಎಸ್ತಾ ಯೊವಿಯೆಂದೊ’ ಅನ್ನುತ್ತಾರೆ. ನಾವು ‘ಇರು’ ಅಂಟಿಸುವ ಕಡೆಯಲ್ಲೇ ಅವರು ಎಸ್ತಾರ್ ತರುತ್ತಾರೆ. ಸತ್ತಿದ್ದಾನೆ ಅನ್ನುವುದೂ ಇದೇ ಅಚ್ಚು. ಮಗಳ ಪ್ರಶ್ನೆಗೆ ಉತ್ತರ ಕನ್ನಡದ ಕ್ರಿಯಾಪದದ ಒಳಗೇ ಕೂತಿತ್ತು.

ಒಂದೇ ಗುಣಪದ ಎರಡರ ಜೊತೆಗೂ ಬಂದು ಅರ್ಥ ಬದಲಾಗುವುದು ಇನ್ನೊಂದು ಸ್ವಾರಸ್ಯ. ‘ಎಸ್ ಲಿಸ್ತೊ’ ಅಂದರೆ ಜಾಣ, ‘ಎಸ್ತಾ ಲಿಸ್ತೊ’ ಅಂದರೆ ತಯಾರಾಗಿದ್ದಾನೆ. ಬೆರ್ದೆ ಅಂದರೆ ಹಸಿರು. ‘ಎಸ್ ಬೆರ್ದೆ’ ಬಣ್ಣ ಹಸಿರು ಅಂತ, ‘ಎಸ್ತಾ ಬೆರ್ದೆ’ ಇನ್ನೂ ಹಣ್ಣಾಗಿಲ್ಲ ಅಂತ. ಮಲೆನಾಡಿನ ಅಡಿಕೆಗೆ ಹೇಳಿ ಮಾಡಿಸಿದ ಮಾತು. ಕೆಂಪಡಿಕೆ ಬೇಕಾದರೆ ಗೊನೆ ‘ಎಸ್ತಾ ಬೆರ್ದೆ’ ಇರುವಾಗಲೇ ಇಳಿಸಬೇಕು, ಸುಲಿದು ಬೇಯಿಸಬೇಕು. ಹಣ್ಣಾಗಿ ಹೋದರೆ ಗೋಟಿನ (ಹಣ್ಣಡಿಕೆ ಒಣಗಿಸಿದ್ದರ) ಪಾಲು.

ಸಂಸ್ಕೃತ ಓದಿದವರಿಗೆ ಇನ್ನೊಂದು ಹಿಡಿ ಉಂಟು. ಎಸ್ತಾರ್ ಬಂದದ್ದು ಲ್ಯಾಟಿನ್ನಿನ ‘ಸ್ತಾರೆ’ಯಿಂದ, ಅರ್ಥ ನಿಲ್ಲು. ನಮ್ಮ ‘ಸ್ಥಾ’ ಧಾತುವಿಗೆ ಅದು ದಾಯಾದಿ. ಸ್ಥಿತಿ, ಸ್ಥಾನ ಎರಡೂ ಅಲ್ಲಿಂದಲೇ ಹುಟ್ಟಿದವು, ಎಸ್ತಾರ್‌ನ ಮುಖ್ಯ ಕೆಲಸಗಳೂ ಅವೇ ಎರಡು. ‘ಎಸ್’ ಅನ್ನುವುದು ‘ಅಸ್ತಿ’ಯ ಕಡೆಯದು.

ಇನ್ನು ತೊಡಕುಗಳು. ಹಸಿವು, ಚಳಿ, ವಯಸ್ಸು ಈ ಲೆಕ್ಕಕ್ಕೇ ಬರುವುದಿಲ್ಲ, ಅಲ್ಲಿ ತೆನೇರ್ ಎಂಬ ಬೇರೆ ಕ್ರಿಯಾಪದ ಇದೆ. ನಾವು ‘ನನಗೆ’ ಅನ್ನುವ ಕಡೆ ಅವರು ಹಸಿವನ್ನು, ವರ್ಷಗಳನ್ನು ‘ಹೊಂದಿರುತ್ತಾರೆ’. (ಇಷ್ಟಪಡುವ ವಿಷಯದಲ್ಲಿ ಮಾತ್ರ ನಮ್ಮ ದಾರಿಗೇ ಬರುತ್ತಾರೆ: ಮೆ ಗುಸ್ತಾ ಎಲ್ ಕಫೆ, ನನಗೆ ಕಾಫಿ ಇಷ್ಟ.)

‘ಇದೆ’ಗೆ ಅಲ್ಲಿ ಇನ್ನೊಬ್ಬ ಪಾಲುದಾರ ‘ಆಯ್’. ‘ಮೇಜಿನ ಮೇಲೆ ಪುಸ್ತಕ ಇದೆ’ ಅಂದರೆ ಆಯ್. ‘ಪುಸ್ತಕ ಮೇಜಿನ ಮೇಲಿದೆ’ ಅಂದರೆ ಎಸ್ತಾ. ಮೊದಲನೆಯದು ಯಾವುದೋ ಒಂದು ಪುಸ್ತಕ, ಎರಡನೆಯದು ನಮಗೆ ಗೊತ್ತಿರುವ ಪುಸ್ತಕ. ಅವರು ಕ್ರಿಯಾಪದ ಬದಲಿಸಿ ಮಾಡುವ ಕೆಲಸವನ್ನು ನಾವು ಪದಗಳ ಜಾಗ ಬದಲಿಸಿ ಮಾಡುತ್ತೇವೆ.

ಸಮಾರಂಭಗಳದ್ದು ಬೇರೆ ದಾರಿ. ಛತ್ರ ತೀರ್ಥಹಳ್ಳಿಯಲ್ಲಿದೆ ಅನ್ನಲಿಕ್ಕೆ ಎಸ್ತಾ, ಮದುವೆ ತೀರ್ಥಹಳ್ಳಿಯಲ್ಲಿ ಅನ್ನಲಿಕ್ಕೆ ಎಸ್. ನಾವೂ ಮದುವೆಗೆ ಎಷ್ಟೋ ಸಲ ‘ಇದೆ’ ಹಾಕುವುದಿಲ್ಲ: “ಮದ್ವೆ ಎಲ್ಲಿ?” “ತೀರ್ಥಳ್ಳೀಲಿ.” ‘ತೀರ್ಥಳ್ಳೀಲಲ್ಲ, ಕೊಪ್ಪದಲ್ಲಿ’ ಅಂತ ತಿದ್ದುವಾಗ ‘ಅಲ್ಲ’ವೇ ಬರುತ್ತದೆ. ಆದರೆ ಇದನ್ನು ಪುರಾವೆ ಅಂತ ಇಡಲಾರೆ. ಒತ್ತಿ ಹೇಳುವಾಗ ‘ಅಲ್ಲ’ ಎಲ್ಲಿ ಬೇಕಾದರೂ ನುಗ್ಗುತ್ತದೆ: ‘ಪುಸ್ತಕ ಮೇಜಿನ ಮೇಲಲ್ಲ, ಕಪಾಟಿನಲ್ಲಿದೆ’. ಹಾಗಾಗಿ ಒತ್ತಿಲ್ಲದ ಸಾದಾ ವಾಕ್ಯದಲ್ಲೇ ಪರೀಕ್ಷೆ ಮಾಡಬೇಕು. ಸಮಾರಂಭವಾದರೆ ‘ನಡೆಯುತ್ತೆ’ ಹಾಕಿ ನೋಡುವುದೇ ಲೇಸು. ಹೊಂದಿದರೆ ಎಸ್.

ನಿಜವಾಗಿ ಕೈಕೊಡುವುದು ‘ಎತ್ತರ’. ಅವಳು ಎತ್ತರ ಇದ್ದಾಳೆ, ಅವಳು ಎತ್ತರ ಇಲ್ಲ. ಸ್ಪ್ಯಾನಿಷಿನಲ್ಲಿ ‘ಎಸ್ ಆಲ್ತಾ’, ಅಂದರೆ ಸೇರ್. ದಪ್ಪ, ಉದ್ದ, ಕಪ್ಪು ಎಲ್ಲದರದ್ದೂ ಇದೇ ಪಾಡು. ನನಗೆ ತೋಚಿದ ಉಪಾಯ: ಗುಣಪದವನ್ನು ನಾಮಪದ ಮಾಡಿ ನೋಡುವುದು. ‘ಎತ್ತರದವಳು’, ‘ಕಪ್ಪನೆಯದು’ ಅಂತ ಸಲೀಸಾಗಿ ಬಂದರೆ ಸೇರ್. ಆರಿಹೋದ ಸಾರನ್ನು ಯಾರೂ ‘ಇದು ತಣ್ಣನೆಯದು’ ಅನ್ನುವುದಿಲ್ಲ, ತಣ್ಣಗಿದೆ ಅನ್ನುತ್ತಾರೆ, ಅಲ್ಲಿ ಎಸ್ತಾರ್. ಈ ಉಪಾಯ ಎಲ್ಲಿ ಮುರಿಯುತ್ತದೆ? ಮುರಿಯುವ ವಾಕ್ಯ ಸಿಕ್ಕಿದವರು ದಯವಿಟ್ಟು ಬರೆಯಿರಿ. ಸೂತ್ರಕ್ಕಿಂತ ಉದಾಹರಣೆಗಳೇ ನನಗೆ ಬೇಕಾದದ್ದು.

ಇನ್ನೊಂದು ಪ್ರಶ್ನೆ ಆಗುಂಬೆ ಘಾಟಿಯ ಕೆಳಗಿನವರಿಗೆ, ಮೇಲಿದ್ದೂ ‘ಉಂಟು’ ಅನ್ನುವವರಿಗೆ. ‘ಕಾಫಿ ಉಂಟಾ’, ‘ಮಳೆ ಬರ್ತಾ ಉಂಟು’ ಎರಡನ್ನೂ ಕೇಳಿದ್ದೇನೆ. ‘ಆ ಮರ ಎತ್ತರ ಉಂಟು’ ಅಂತಲೂ ನಿಮ್ಮ ಬಾಯಲ್ಲಿ ಬರುತ್ತದಾ, ಅಥವಾ ಅಲ್ಲಿ ಬರೀ ‘ಎತ್ತರದ್ದು’ ಅಂದುಬಿಡುತ್ತೀರಾ?