ಕುದುರೆ ಮೇಲಿಂದ ಬಲೂನ್ ಹೊಡೆಯುವ ಕೌಬಾಯ್ ಪಂದ್ಯ: ಮೊದಲ ಸಲ ನೋಡಲು ಹೋಗುವವರಿಗೆ ಏನು ಹೇಳ್ತೀರಿ?

ಪ್ರಶ್ನೆ (ಡಲ್ಲಾಸ್): ಊರಿಂದ ಅತ್ತೆ ಮಾವ ಬಂದಿದ್ದಾರೆ. ಐದು ವರ್ಷದ ಮಗನೂ ಇದ್ದಾನೆ. ಅಮರಿಲ್ಲೊದಲ್ಲಿ ಕೌಬಾಯ್ ಮೌಂಟೆಡ್ ಶೂಟಿಂಗ್ ಪಂದ್ಯ ನೋಡೋಣ ಅಂತಿದ್ದೇವೆ. ಗುಂಡು ಅಂದಕೂಡಲೇ ಅತ್ತೆ ಹೆದರಿದ್ದಾರೆ. ನೋಡಿದವರು ಯಾರಾದರೂ ಇದ್ದೀರಾ?

ಫೀನಿಕ್ಸ್‌ನಿಂದ: ಅತ್ತೆಗೆ ಧೈರ್ಯ ಹೇಳಿ. ತೋಟಾದೊಳಗೆ ಸೀಸದ ಗುಂಡು ಇರುವುದೇ ಇಲ್ಲ, ಬರೀ ಕರಿಮದ್ದು. ಉರಿಯುವ ಮದ್ದಿನ ಕಿಡಿ ತಗುಲಿ ಬಲೂನ್ ಒಡೆಯುತ್ತದೆ. ಕಿಡಿ ಕೆಲವೇ ಅಡಿ ಹೋಗುತ್ತದೆ, ಹಾಗಾಗಿ ಸವಾರರು ಬಲೂನಿನ ಹತ್ತಿರವೇ ನುಗ್ಗಬೇಕು. ಆದರೆ ಸದ್ದು ಮಾತ್ರ ನಿಜವಾದದ್ದು. ಮಗನಿಗೆ ಕಿವಿ ಮುಚ್ಚುವ ಇಯರ್‌ಮಫ್, ಹಿರಿಯರಿಗೆ ಫೋಮ್ ಇಯರ್‌ಪ್ಲಗ್ ಮನೆಯಿಂದಲೇ ಒಯ್ಯಿರಿ. ಒಳಾಂಗಣದಲ್ಲಾದರೆ ಹೊಗೆ ನಿಲ್ಲುತ್ತದೆ, ದೀಪಾವಳಿ ಬೆಳಗ್ಗೆ ನಮ್ಮ ಬೀದಿಯಲ್ಲಿ ಬರುವ ಅದೇ ವಾಸನೆ. ಉಬ್ಬಸ ಇದ್ದವರು ಮೇಲಿನ ಸಾಲಲ್ಲಿ, ಬಾಗಿಲ ಹತ್ತಿರ ಕೂರಲಿ.

ಹಳೇ ಕಾಲದ ಉಡುಪು ನೋಡಿ ನೂರಾರು ವರ್ಷದ ಆಟ ಅಂದುಕೊಳ್ಳಬೇಡಿ. 1990ರ ದಶಕದಲ್ಲಿ ನಮ್ಮ ಅರಿಜೋನಾದಲ್ಲೇ ಶುರುವಾದದ್ದು!

ಹ್ಯೂಸ್ಟನ್‌ನಿಂದ: ಲೆಕ್ಕ ಗೊತ್ತಿಲ್ಲದೆ ಕೂತರೆ ಅರ್ಧ ಗಂಟೆಗೆ ಆಕಳಿಕೆ ಬರುತ್ತದೆ, ಎಲ್ಲ ಓಟವೂ ಒಂದೇ ಥರ ಕಾಣುತ್ತದೆ. ಲೆಕ್ಕ ಸುಲಭ. ಹತ್ತು ಬಲೂನ್, ಎರಡು ರಿವಾಲ್ವರ್, ಒಂದೊಂದರಲ್ಲಿ ಐದು ತೋಟಾ. ಒಂದು ಬಲೂನ್ ತಪ್ಪಿದರೆ ಸಮಯಕ್ಕೆ 5 ಸೆಕೆಂಡ್ ಸೇರುತ್ತದೆ. ಗನ್ ಕೆಳಗೆ ಬಿದ್ದರೂ 5. ಗೊತ್ತುಮಾಡಿದ ದಾರಿ ತಪ್ಪಿದರೆ 10. ಸವಾರನೇ ಬಿದ್ದರೆ 60. ಅಂದರೆ 12 ಸೆಕೆಂಡಲ್ಲಿ ಓಡಿ ಒಂದು ಬಲೂನ್ ಬಿಟ್ಟವನು 17 ಆಗುತ್ತಾನೆ, 16ರಲ್ಲಿ ಎಲ್ಲ ಒಡೆದವಳ ಹಿಂದೆ ಬೀಳುತ್ತಾನೆ. ನಮ್ಮ ಮಾವನಿಗೆ ಇದು ತಿಳಿದಮೇಲೆ ಪೆನ್ನು ಹಿಡಿದು ಕೂತವರು ಊಟಕ್ಕೂ ಏಳಲಿಲ್ಲ.

ಇನ್ನೊಂದು ಮಾತು. ಮೊದಲ ಐದು ಬಲೂನ್ ಒಡೆದಮೇಲೆ ಸವಾರನ ಕೈ ನೋಡಿ. ಓಡುವ ಕುದುರೆ ಮೇಲೇ ಒಂದು ಗನ್ ಒಳಗಿಟ್ಟು ಇನ್ನೊಂದು ತೆಗೆಯಬೇಕು. ಪ್ರತಿ ಸಲ ಹೆಬ್ಬೆರಳಲ್ಲಿ ಹ್ಯಾಮರ್ (ಗನ್ನಿನ ಹಿಂದೆ ಇರುವ, ತೋಟಾಕ್ಕೆ ಬಡಿಯುವ ಕೊಕ್ಕೆ) ಎಳೆಯಲೇಬೇಕು, ಅದಿಲ್ಲದೆ ಸಿಡಿಯದ ಗನ್ ಅದು. ಆಮೇಲೆ ಅಂಗಣದ ಕೊನೆಯಲ್ಲಿಟ್ಟ ಪೀಪಾಯಿ ಸುತ್ತಿ ನೇರ ಸಾಲಿನ ಐದು ಬಲೂನಿಗೆ ಪೂರ್ತಿ ವೇಗದಲ್ಲಿ ಬರುತ್ತಾರೆ. ಹೆಚ್ಚಿನ ಪಂದ್ಯ ಗೆಲ್ಲುವುದೂ ಸೋಲುವುದೂ ಅಲ್ಲೇ. ಆ ಸಾಲು ಪೂರ್ತಿ ಕಾಣುವ ಕಡೆ ಜಾಗ ಹಿಡಿಯಿರಿ.

ಆಸ್ಟಿನ್‌ನಿಂದ: ಕುದುರೆಗೆ ಹಿಂಸೆ ಅಲ್ವಾ ಅಂತ ನಾನೂ ಕೇಳಿದ್ದೆ. ಕುದುರೆಯ ಕಿವಿಗೂ ಪ್ಲಗ್ ಹಾಕುತ್ತಾರೆ. ಸದ್ದಿಗೆ ದೂರದಿಂದ, ನಿಧಾನವಾಗಿ ಒಗ್ಗಿಸುತ್ತಾರಂತೆ. ಆದರೂ ಕೆಲವು ಕುದುರೆ ಬಾಗಿಲಲ್ಲೇ ಹಟ ಹಿಡಿಯುತ್ತವೆ. ಅದನ್ನು ನೋಡೋಕೆ ನನಗೆ ಇಷ್ಟವಾಗಲಿಲ್ಲ, ಇದ್ದದ್ದನ್ನು ಹೇಳ್ತೀನಿ.

ಮಗನಿಗೆ ರ‍್ಯಾಂಗ್ಲರ್ ವಿಭಾಗ ತಪ್ಪಿಸಬೇಡಿ. 11 ವರ್ಷದ ಮತ್ತು ಅದಕ್ಕೂ ಚಿಕ್ಕ ಮಕ್ಕಳು ಕುದುರೆ ಮೇಲೆ ಆಟಿಕೆ ಪಿಸ್ತೂಲು ಹಿಡಿದು ಬರುತ್ತಾರೆ. ಎಷ್ಟು ಹೊತ್ತಿಗೆ ಅಂತ ಬೆಳಗ್ಗೆಯೇ ಕೇಳಿಟ್ಟುಕೊಳ್ಳಿ.

ಪ್ಲೇನೋದಿಂದ: ಡಲ್ಲಾಸ್‌ನಿಂದ ಹೆದ್ದಾರಿ 287 ಹಿಡಿದರೆ ಆರು ಗಂಟೆ ಹತ್ತಿರ ಡ್ರೈವ್. ಹಿರಿಯರಿದ್ದರೆ ವಿಚಿಟಾ ಫಾಲ್ಸ್‌ನಲ್ಲಿ ನಿಲ್ಲಿಸಿ. ಅಲ್ಲಿಂದ ಮುಂದೆ ಊರು ಕಮ್ಮಿ, ಗಾಳಿ ಜಾಸ್ತಿ. ಮಾಂಸ ತಿನ್ನದವರಿಗೆ ಪಂದ್ಯದ ಜಾಗದಲ್ಲಿ ಫ್ರೆಂಚ್ ಫ್ರೈಸೇ ಗತಿ. ಕಾರಲ್ಲಿ ಚಪಾತಿ, ಚಟ್ನಿಪುಡಿ ಇರಲಿ. ಇಡೀ ದಿನ ಕೂರುವುದು ಬೇಡ, ಅರ್ಧ ದಿನ ಸಾಕು. ಮಧ್ಯಾಹ್ನ ಪಾಲೋ ಡ್ಯೂರೊ ಕಣಿವೆಗೆ ಹೋಗಿ. ಕಾರು ಕಣಿವೆಯ ತಳದವರೆಗೂ ಇಳಿಯುತ್ತದೆ, ಮಂಡಿ ನೋವಿನವರೂ ಆರಾಮಾಗಿ ನೋಡಬಹುದು.