ಮೃಗಾಲಯದ ಫಲಕದಲ್ಲಿ ‘ದತ್ತು’: ಪದ ಸರಿಯೇ?

ಪದ ಬಲ್ಲವರೇ,

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ಪ್ರಾಣಿಯ ಆವರಣದ ಮುಂದೆ ‘ದತ್ತು ಪಡೆದವರು’ ಎಂದು ಯಾರದೋ ಹೆಸರು ಬರೆದಿರುವುದನ್ನು ನೀವೂ ಓದಿರಬಹುದು. ಕಾಡುಕೋಣವೋ ಜಿರಾಫೆಯೋ ಇದ್ದಲ್ಲಿಯೇ ಇರುತ್ತದೆ. ಅದರ ಒಂದು ವರ್ಷದ ಖರ್ಚಿಗೆ ಅವರು ಹಣ ಕೊಟ್ಟಿರುತ್ತಾರೆ. ಮೆಚ್ಚಬೇಕಾದ ಕೆಲಸ. 2021ರ ಲಾಕ್‌ಡೌನಿನಲ್ಲಿ ಟಿಕೆಟಿನ ಆದಾಯ ನಿಂತಾಗ ರಾಜ್ಯದ ಮೃಗಾಲಯಗಳಿಗೆ ಜನ ಹೀಗೆಯೇ ಒದಗಿಬಂದರು. ನನ್ನನ್ನು ಕಾಡುತ್ತಿರುವುದು ಪದ ಮಾತ್ರ.

‘ದತ್ತ’ ಎಂದರೆ ಕೊಟ್ಟದ್ದು. ಹೆತ್ತವರು ಕೊಟ್ಟು, ಇನ್ನೊಂದು ಮನೆಯವರು ತೆಗೆದುಕೊಂಡ ಮೇಲೆ ಮಗುವಿನ ಮನೆತನವೇ ಬದಲಾಗುತ್ತದೆ. ಸಾಕುಮಗನಿಗೂ ದತ್ತುಮಗನಿಗೂ ಇರುವ ಅಂತರ ಅದೇ. ಕ್ರಮಬದ್ಧವಾಗಿ ನಡೆದ ದತ್ತಕವನ್ನು ಯಾರೂ ರದ್ದುಪಡಿಸುವಂತಿಲ್ಲ ಎನ್ನುತ್ತದೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ವರ್ಷ ತುಂಬಿದೊಡನೆ ಮುಗಿಯುವುದನ್ನು ದತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅದರಲ್ಲಿಯೂ ಈ ಮೃಗಾಲಯದಲ್ಲಿ. 1892ರಲ್ಲಿ ಇದನ್ನು ಕಟ್ಟಿಸಿದ ಹತ್ತನೆಯ ಚಾಮರಾಜೇಂದ್ರ ಒಡೆಯರು ಸ್ವತಃ ದತ್ತುಪುತ್ರರು. ಮುಮ್ಮಡಿ ಕೃಷ್ಣರಾಜ ಒಡೆಯರು ಮಗಳ ಮಗನಾದ ಈ ಬಾಲಕನನ್ನು 1865ರಲ್ಲಿ ದತ್ತು ತೆಗೆದುಕೊಂಡಾಗ ಬ್ರಿಟಿಷ್ ಸರ್ಕಾರ ಮೊದಲು ಒಪ್ಪಲಿಲ್ಲ, 1867ರಲ್ಲಿ ಮಣಿಯಿತು. 1881ರಲ್ಲಿ ಮೈಸೂರು ಒಡೆಯರ ಕೈಗೆ ಮರಳಿದ್ದು ಆ ದತ್ತಕ ನಿಂತದ್ದರಿಂದ. ಒಂದು ಪದ ಇಷ್ಟು ಭಾರ ಹೊತ್ತ ಊರಿನಲ್ಲಿ ಅದನ್ನು ಹಗುರಾಗಿ ಬಳಸಿದರೆ ನನಗೆ ನೋವಾಗುತ್ತದೆ.

ಇನ್ನು ‘ದತ್ತಿ’. ಬೇರು ಒಂದೇ, ದಾರಿ ಬೇರೆ. ನಂದಾದೀವಿಗೆಗೆ, ಅನ್ನದಾನಕ್ಕೆ ಭೂಮಿಯನ್ನೋ ಹೊನ್ನನ್ನೋ ದತ್ತಿ ಬಿಟ್ಟ ಸಂಗತಿ ಶಾಸನಗಳ ತುಂಬ ಇದೆ. ಕೊನೆಯಲ್ಲಿ, ತಾನು ಕೊಟ್ಟದ್ದನ್ನಾಗಲಿ ಬೇರೆಯವರು ಕೊಟ್ಟದ್ದನ್ನಾಗಲಿ ಕಸಿದುಕೊಳ್ಳುವವನನ್ನು ಶಪಿಸುವ ‘ಸ್ವದತ್ತಾಂ ಪರದತ್ತಾಂ ವಾ’ ಎಂಬ ಶ್ಲೋಕ. ಇಂದಿಗೂ ದತ್ತಿನಿಧಿ, ದತ್ತಿ ಉಪನ್ಯಾಸ ಎನ್ನುತ್ತೇವೆ. ದೀಪ ಗುಡಿಯದೇ ಆಗಿ ಉಳಿಯುತ್ತದೆ, ಎಣ್ಣೆ ದಾನಿಯದು. ಮೃಗಾಲಯದಲ್ಲಿ ನಡೆಯುವುದೂ ಇದಲ್ಲವೇ? ‘ಈ ಆನೆಯ ಮೇವಿಗೆ ದತ್ತಿ ನೀಡಿದವರು’ ಎಂದು ಬರೆದರೆ ಅರ್ಥ ಸ್ಪಷ್ಟ. ಒಂದು ತೊಡಕುಂಟು: ದತ್ತಿಯೆಂದರೆ ಮೂಲಧನ ಹಾಗೆಯೇ ಉಳಿದು, ಅದರ ಹುಟ್ಟುವಳಿ ಖರ್ಚಿಗೆ ಬರಬೇಕು. ವರ್ಷವರ್ಷ ಕಟ್ಟುವ ಹಣಕ್ಕೆ ಆ ಹೆಸರು ಸಲ್ಲುತ್ತದೆಯೇ?

ಹಳ್ಳಿಗಳಲ್ಲಿ ಹಸು, ಕುರಿಗಳನ್ನು ‘ಪಾಲಿಗೆ’ ಕೊಡುವುದುಂಟು. ಒಡೆಯನೊಬ್ಬ, ಸಾಕುವವನೊಬ್ಬ, ಮರಿಯಲ್ಲಿ ಇಬ್ಬರಿಗೂ ಪಾಲು. ಅದು ಇಲ್ಲಿಗೆ ಹೊಂದದು, ಮೃಗಾಲಯದ ಮರಿಯಲ್ಲಿ ಹಣ ಕೊಟ್ಟವನಿಗೆ ಹಕ್ಕಿಲ್ಲ. ‘ಪೋಷಕರು’ ಹತ್ತಿರದ್ದೆನಿಸುತ್ತದೆ, ಆದರೆ ಶಾಲೆಗಳು ಅದನ್ನು ತಂದೆತಾಯಿಗೆ ಮೀಸಲಿಟ್ಟುಬಿಟ್ಟಿವೆ. ‘ಪ್ರಾಯೋಜಕರು’ ಎಂದರೆ ಜಾಹೀರಾತಿನ ವಾಸನೆ.

ಈಗಲೇ ಕೇಳಲು ಕಾರಣವಿದೆ. ಹತ್ತು ಎಕರೆಯಲ್ಲಿ ಆರಂಭವಾದ ಮೃಗಾಲಯ ಇಂದು ಕಾರಂಜಿ ಕೆರೆಯೂ ಸೇರಿ 157 ಎಕರೆಯಷ್ಟಾಗಿದೆ; ಕೂರ್ಗಳ್ಳಿಯಲ್ಲಿ ಪುನರ್ವಸತಿ ಕೇಂದ್ರವಿದೆ. ಮೃಗಾಲಯ ಬೆಳೆದಷ್ಟೂ ಊರವರ ನೆರವು ಬೇಕು, ಕರೆಯುವ ಪದವೂ ಅಷ್ಟೇ ಹರಡುತ್ತದೆ. ಕೆರೆ ದತ್ತು, ಶಾಲೆ ದತ್ತು, ಗ್ರಾಮ ದತ್ತು ಆಗಲೇ ಬಳಕೆಗೆ ಬಂದಿವೆ.

ಮಗುವಿಗಲ್ಲದೆ ಬೇರೆಯದಕ್ಕೆ ‘ದತ್ತು’ ಎಂದ ಹಳೆಯ ಪ್ರಯೋಗ ಯಾರಾದರೂ ಕಂಡಿದ್ದೀರಾ? ಆನೆ, ಕುದುರೆಗಳ ಮೇವಿಗೆಂದು ದತ್ತಿ ಬಿಟ್ಟ ಶಾಸನವಿದ್ದರೆ ಅದರ ಪಾಠವನ್ನು ದಯವಿಟ್ಟು ತಿಳಿಸಿ.